ಮೀನಿನ ತಲೆ ಮುಂದಕ್ಕೆ

ಮೆಕ್ಯಾನಿಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಇದನ್ನು ಅವನೂ ಒಪ್ಪುತ್ತಿದ್ದ. ಆದರೆ ತಪ್ಪು ಮೂಗಿನದಲ್ಲ, ಮೂಗಿನ ಮುಂದೆ ಬಂದು ನಿಲ್ಲುವವರದು ಎನ್ನುತ್ತಿದ್ದ. ಮೂರು ತಿಂಗಳ ಹಿಂದೆ ಹಾಗೆ ಬಂದು ನಿಂತವರು ಮಗಳ ಶಾಲೆಯ ವಿಜ್ಞಾನದ ಮೇಷ್ಟರು. ಪೋಷಕರ ಸಭೆಯ ದಿನ ಅವರು ಗೋಡೆಗೆ ತೂಗುಹಾಕಿದ್ದ ಎಂಜಿನ್ನಿನ ಚಿತ್ರದಲ್ಲಿ ಪೆಟ್ರೋಲು ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ ಅದಲುಬದಲಾಗಿದ್ದವು. ಅದನ್ನು ತಿದ್ದಲು ಎರಡು ಮಾತು ಸಾಕಿತ್ತು. ಇವನು ಆಡಿದ ಮಾತು ಎರಡು ಕೊಠಡಿಯಾಚೆಗೂ ಕೇಳಿಸಿತ್ತು.

ಅವತ್ತಿನಿಂದ ಹದಿನೈದು ವರ್ಷದ ಮಗಳು ಅಪ್ಪನ ಜೊತೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದಳು, ನಗುತ್ತಿದ್ದಳು ಕೂಡ. ಆದರೆ ಶಾಲೆ ಬಿಟ್ಟ ಮೇಲೆ ವರ್ಕ್‌ಶಾಪಿಗೆ ಬಂದು ಹಳೇ ಟೈರಿನ ಮೇಲೆ ಕೂತು ಸ್ಪ್ಯಾನರ್ ಎತ್ತಿಕೊಡುವುದು ನಿಂತುಹೋಗಿತ್ತು. ಈಗ ಆ ಟೈರಿನ ಮೇಲೆ ಗಿರಾಕಿಗಳು ಹೆಲ್ಮೆಟ್ ಇಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಮೆಕ್ಯಾನಿಕ್ಕನಿಗೆ ಗಿರಾಕಿಯ ಮೇಲೆ ಸಿಟ್ಟು ಬರುತ್ತಿತ್ತು. ಗಿರಾಕಿಗೆ ಯಾಕೆಂದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಮೋಟಾರ್ ಸೈಕಲ್ ಮ್ಯೂಸಿಯಂ ನೋಡಲು ಬರುತ್ತೇನೆಂದು ಅವಳು ಒಪ್ಪಿದ್ದೇ ದೊಡ್ಡದು. ಅದಕ್ಕೂ ಅವಳಮ್ಮ ನಡುವೆ ನಿಂತು ರಾಜಿ ಮಾಡಿಸಬೇಕಾಯಿತು.

"ಮೂರು ಷರತ್ತು," ಎಂದಳು ಮಗಳು ಬಸ್ಸಿನಲ್ಲಿ, ಬೆರಳು ಮಡಿಸುತ್ತಾ. "ಯಾವುದನ್ನೂ ಮುಟ್ಟಬಾರದು. ದನಿ ಏರಿಸಬಾರದು. ಜನರ ಎದುರಿಗೆ ನನ್ನನ್ನ ನಟ್ಟು ಅಂತ ಕರೀಬಾರದು."

ಎರಡು ವರ್ಷದವಳಿದ್ದಾಗ ವರ್ಕ್‌ಶಾಪಿನಲ್ಲಿ ಒಂದು ನಟ್ಟು ನುಂಗಿ, ಮನೆಯವರನ್ನೆಲ್ಲ ಎರಡು ದಿನ ಕಾಯಿಸಿದ್ದಕ್ಕೆ ಬಂದ ಹೆಸರು ಅದು.

"ತಪ್ಪಿದ್ರೆ?" ಎಂದ ಅಪ್ಪ.

"ಅಲ್ಲಿಂದಲೇ ಒಬ್ಬಳೇ ಬಸ್ ಹತ್ತಿ ಮನೆಗೆ ಹೋಗ್ತೀನಿ. ಆಮೇಲೆ ಇನ್ನೆಲ್ಲಿಗೂ ನನ್ನ ಕರೀಬೇಡ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಬಿಸಿಯಾದದ್ದನ್ನು ಎಲ್ಲಿ ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಗಂಡನ ಕೈಗಿಟ್ಟಳು. "ಆರು ಪೆಪ್ಪರ್‌ಮಿಂಟ್ ಇದೆ. ಸಿಟ್ಟು ಬಂದಾಗ ಒಂದು ಬಾಯಿಗೆ ಹಾಕ್ಕೊಳ್ಳಿ. ಚೀಪಬೇಕು, ಕಡೀಬಾರದು."

"ನಾನೇನು ಎಳೇ ಮಗೂನಾ?"

"ಮಗುವಾದ್ರೆ ನಾಲ್ಕು ಸಾಕಾಗ್ತಿತ್ತು."

ಮ್ಯೂಸಿಯಂ ಒಂದು ಹಳೆಯ ಗೋದಾಮಿನಲ್ಲಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದು ಸಾಲು ಸಾಲು ಗಾಡಿಗಳು ಮಿರಮಿರ ಮಿಂಚುತ್ತಿದ್ದವು. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ಅಷ್ಟು ಗಾಡಿಗಳಿದ್ದೂ ಪೆಟ್ರೋಲಿನ ವಾಸನೆಯೇ ಇಲ್ಲದ್ದು ಮೆಕ್ಯಾನಿಕ್ಕನಿಗೆ ಮದುವೆ ಮನೆಯಲ್ಲಿ ಅಡುಗೆಯ ವಾಸನೆ ಇಲ್ಲದ ಹಾಗೆ ಅನಿಸಿತು. ಆದರೂ ಅವನ ಮುಖ ಅರಳಿತು.

ಮೊದಲ ಪೆಪ್ಪರ್‌ಮಿಂಟ್ ಒಂದು ಹಿತ್ತಾಳೆ ದೀಪದ ಮುಂದೆ ಖರ್ಚಾಯಿತು. ಯಾರೋ ಪುಣ್ಯಾತ್ಮ ಅದಕ್ಕೆ ಪ್ಲಾಸ್ಟಿಕ್ ಗಾಜು ಹಾಕಿದ್ದ. ಎರಡನೆಯದು ಇಸವಿ ತಪ್ಪಾಗಿ ಬರೆದಿದ್ದ ಒಂದು ಫಲಕದ ಮುಂದೆ. ಮೂರನೆಯದಕ್ಕೆ ಕಾರಣ ಕೂಲಿಂಗ್ ಗ್ಲಾಸಿನ ಒಬ್ಬ ಮನುಷ್ಯ. ಕಿಕ್ಕರ್ ತೋರಿಸಿ ತನ್ನ ಹೆಂಡತಿಗೆ, "ಇದು ಬ್ರೇಕು," ಎನ್ನುತ್ತಿದ್ದ. ಮೆಕ್ಯಾನಿಕ್ ಕಣ್ಣು ಮುಚ್ಚಿ ಚೀಪಿದ.

ಸೈಡ್‌ಕಾರ್ ಇದ್ದ ಒಂದು ಗಾಡಿಯ ಎದುರು ಬೆಂಚಿತ್ತು. ಹೆಂಡತಿ ಅಲ್ಲಿ ಕೂತು ಚಪ್ಪಲಿ ಬಿಚ್ಚಿ ಕಾಲು ಚಾಚಿದಳು. "ಮದುವೆಗೆ ಮುಂಚೆ ಇಂಥದ್ರಲ್ಲಿ ನನ್ನ ಕೂರಿಸ್ಕೊಂಡು ಊರೆಲ್ಲ ಸುತ್ತಿಸ್ತೀನಿ ಅಂದಿದ್ರಿ."

"ಈಗ್ಲೂ ಅಂತೀನಿ."

"ಅನ್ನೋದಕ್ಕೇನು, ಪೆಟ್ರೋಲ್ ಬೇಕಾ?"

ಮಗಳು ನಕ್ಕಳು. ಆ ನಗುವಿನ ಬೆನ್ನಿಗೇ ಒಂದು ಕರೀ ಗಾಡಿಯ ಹತ್ತಿರ ಬಗ್ಗಿ, "ಅಪ್ಪಾ, ಇದಕ್ಕೆ ಗೇರು ಎಲ್ಲಿ?" ಎಂದಳು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿದ್ದ ಉದ್ದನೆಯ ಹಿಡಿಯನ್ನು ಅವನು ತೋರಿಸಿದ. ಒಂದು ಕೈ ಬಿಟ್ಟು ಗೇರು ಹಾಕಬೇಕಾದ ಕಾಲದ ಗಾಡಿ ಅದು ಎಂದು ವಿವರಿಸಿದ. ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ ವಿವರಿಸಿದ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಆಮೇಲೆ ಇನ್ನೊಂದು. ಮೂರು ತಿಂಗಳಿಂದ ಎದೆಯಲ್ಲಿ ಬಿಗಿದುಕೊಂಡಿದ್ದ ಯಾವುದೋ ಬೋಲ್ಟು ಅರ್ಧ ಸುತ್ತು ಸಡಿಲಾದ ಹಾಗಾಯಿತು ಅವನಿಗೆ.

ಮೂರು ಗಂಟೆಗೆ ಎಲ್ಲರನ್ನೂ ಹಿಂದಿನ ಅಂಗಳಕ್ಕೆ ಕರೆದರು. ದಿನಕ್ಕೊಂದು ಗಾಡಿಯನ್ನು ಅಲ್ಲಿ ಓಡಿಸಿ ತೋರಿಸುತ್ತಿದ್ದರು. ಹಗ್ಗ ಕಟ್ಟಿದ ಅಂಗಳದ ನಡುವೆ ಹಸಿರು ಟ್ಯಾಂಕಿನ ಒಂದು ಹಳೇ ಗಾಡಿ ನಿಂತಿತ್ತು. ಪಕ್ಕದಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಕೈಗವಸು ಹಾಕಿಕೊಳ್ಳುತ್ತಿದ್ದ. ಇವರು ಹರೆಯದಲ್ಲಿ ರೇಸ್ ಗೆದ್ದವರು, ಇವತ್ತು ಹತ್ತು ಸುತ್ತು ಜೋರಾಗಿ ಹೊಡೆಯುತ್ತಾರೆ ಎಂದು ಬೂದು ಕೋಟಿನ ಗೈಡು ಮೈಕಿನಲ್ಲಿ ಹೇಳಿದ.

ಜನ ಟ್ಯಾಂಕು ನೋಡಿದರು, ಮೀಸೆ ನೋಡಿದರು. ಮೆಕ್ಯಾನಿಕ್ ಚೈನು ನೋಡಿದ.

ಚೈನಿನ ಎರಡು ತುದಿ ಕೂಡಿಸುವ ಕೊಂಡಿಯ ಮೇಲೆ ಉಗುರಿನಷ್ಟು ಸಣ್ಣ ಕ್ಲಿಪ್ಪೊಂದು ಇರುತ್ತದೆ. ನೋಡಲು ಮೀನಿನ ಹಾಗೆ. ಒಂದು ಕಡೆ ದುಂಡು ತಲೆ, ಇನ್ನೊಂದು ಕಡೆ ಸೀಳಿದ ಬಾಲ. ಚೈನು ಓಡುವ ದಿಕ್ಕಿಗೇ ಮೀನಿನ ತಲೆ ಇರಬೇಕು. ತಿರುವಿ ಹಾಕಿದರೆ ಬಾಲ ಎಲ್ಲಾದರೂ ತಾಗಿ ಕ್ಲಿಪ್ಪು ಹಾರುತ್ತದೆ. ಕ್ಲಿಪ್ಪಿನ ಹಿಂದೆ ಚೈನು. ಚೈನು ಚಕ್ರಕ್ಕೆ ಸಿಕ್ಕಿಕೊಂಡರೆ ಅದರ ಹಿಂದೆ ಸವಾರ. ಇಲ್ಲಿ ಕ್ಲಿಪ್ಪು ಚೈನಿನ ಮೇಲಿನ ಸಾಲಿನಲ್ಲಿತ್ತು, ಮೇಲಿನ ಸಾಲು ಓಡುವುದು ಮುಂದಕ್ಕೆ. ಮೀನಿನ ತಲೆ ಹಿಂದಕ್ಕಿತ್ತು.

ನಾಲ್ಕನೆಯ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಅವನು ಹಗ್ಗದ ಪಕ್ಕದಲ್ಲೇ ಗೈಡನ ಹತ್ತಿರ ಹೋದ. "ಸ್ವಾಮಿ, ಆ ಚೈನಿನ ಕ್ಲಿಪ್ಪು," ಎಂದ, ಆದಷ್ಟು ಮೆತ್ತಗೆ.

"ಹಗ್ಗದ ಹಿಂದೆ ನಿಲ್ಲಿ ಸರ್."

"ಹಿಂದೇನೇ ಇದೀನಿ. ಕ್ಲಿಪ್ಪು ಉಲ್ಟಾ..."

"ಎಲ್ಲ ತಜ್ಞರೇ ಜೋಡಿಸಿದ್ದು ಸರ್. ಪ್ರಶ್ನೆ ಇದ್ರೆ ಕೊನೇಲಿ ಕೇಳಿ." ಗೈಡು ಬೆನ್ನು ತಿರುಗಿಸಿದ.

ಮೆಕ್ಯಾನಿಕ್ಕನ ಕಿವಿ ಕೆಂಪಾಯಿತು. ವಾಪಸು ಬಂದು ಐದನೆಯದನ್ನು ಬಾಯಿಗೆ ಹಾಕಿ ಕಟಕಟ ಕಡಿದ. ಮಗಳು ಆ ಸದ್ದು ಕೇಳಿದಳು. ಅಪ್ಪನ ಕಿವಿ ನೋಡಿದಳು. ಬ್ಯಾಗನ್ನು ಹೆಗಲಿಗೇರಿಸಿ, ಗೇಟಿನಾಚೆಯ ಬಸ್ ಸ್ಟಾಪಿನ ಕಡೆ ಕಣ್ಣು ಹಾಯಿಸಿದಳು.

ಅಂಗಳದಲ್ಲಿ ಮುದುಕ ಕಾಲೆತ್ತಿ ಗಾಡಿಯ ಮೇಲೆ ಕೂತ.

ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ, ಬಿಡದಿದ್ದರೆ ಮುದುಕನ ಕಾಲು ಹೋಗುತ್ತದೆ. ಮೆಕ್ಯಾನಿಕ್ ಮಗಳ ಕಡೆ ತಿರುಗಿದ. "ನೋಡಮ್ಮ, ನಾನೀಗ ಷರತ್ತು ಮುರೀತೀನಿ. ನೀನು ಬಸ್ ಹತ್ತು, ನಾನು ಬೇಜಾರು ಮಾಡ್ಕೊಳ್ಳಲ್ಲ. ಮೀನು ಹಿಂದಕ್ಕೆ ನೋಡ್ತಾ ಇದೆ."

ಮೀನು ಯಾವುದೆಂದು ಮಗಳು ಕೇಳಲಿಲ್ಲ. ಏಳು ವರ್ಷದವಳಿದ್ದಾಗಲೇ ಟೈರಿನ ಮೇಲೆ ಕೂತು, "ಮೀನು ಎಲ್ಲಾದ್ರೂ ಹಿಂದಕ್ಕೆ ಈಜುತ್ತೇನಪ್ಪ," ಎಂದು ಗಿರಾಕಿಗಳಿಗೆ ಪಾಠ ಹೇಳಿದವಳು ಅವಳು. ಹಗ್ಗದ ಮೇಲೆ ಬಾಗಿ ನೋಡಿದಳು.

ಅಪ್ಪ ಕೂಗಲು ಉಸಿರು ಎಳೆದುಕೊಂಡ.

"ತಾಳು," ಎಂದಳು ಮಗಳು. ಹಗ್ಗದ ಕೆಳಗೆ ನುಸುಳಿ ಅಂಗಳಕ್ಕೆ ನಡೆದಳು. ಗೈಡು ಕೈ ಅಡ್ಡ ಹಿಡಿದು, "ಪಾಪು, ಹಗ್ಗದ ಹಿಂದೆ," ಎಂದ. ಅವಳು ನಿಂತಲ್ಲೇ ಬಾಯಿ ತೆರೆದಳು. ಆ ದನಿ ಗೋದಾಮಿನ ಗೋಡೆಗೆ ಬಡಿದು ತಿರುಗಿ ಬಂತು.

"ತಾತಾ, ಗಾಡಿ ಸ್ಟಾರ್ಟ್ ಮಾಡಬೇಡಿ. ಚೈನಿನ ಕ್ಲಿಪ್ಪು ಉಲ್ಟಾ ಇದೆ. ನಮ್ಮಪ್ಪ ಆಗಿನಿಂದ ಹೇಳ್ತಿದಾರೆ, ಇವರಿಗೆ ಕಿವಿ ಇಲ್ಲ."

ಸೂರಿನ ಮೇಲಿನ ಪಾರಿವಾಳಗಳೂ ಹಾರಿದವು. ಮುದುಕ ಗಾಡಿಯಿಂದಿಳಿದ. ಮೊಣಕಾಲೂರಿ ಕೈಗವಸು ತೆಗೆದು ಕ್ಲಿಪ್ಪನ್ನು ಉಗುರಿನಿಂದ ಒತ್ತಿದ. ಅದು ಒತ್ತಿದ ಹಾಗೇ ಜಾರಿ ಅವನ ಅಂಗೈಗೆ ಬಿತ್ತು.

"ನಿಮ್ಮಪ್ಪ ಯಾರಮ್ಮ?"

"ಅಲ್ಲಿದಾರಲ್ಲ, ಕೆಂಪು ಕಿವಿ. ಮೆಕ್ಯಾನಿಕ್."

"ಬನ್ನಿ ಯಜಮಾನ್ರೇ," ಎಂದ ಮುದುಕ. "ನಾನು ಹಾಕಿದ್ರೆ ನನಗೇ ಧೈರ್ಯ ಬರಲ್ಲ."

ಗೈಡು ಮೈಕು ಆರಿಸಿ ಇಕ್ಕಳ ತಂದುಕೊಟ್ಟ. ಮೆಕ್ಯಾನಿಕ್ ಕ್ಲಿಪ್ಪನ್ನು ಪ್ಯಾಂಟಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕೊಂಡಿಯ ಮೇಲಿಟ್ಟ. ಗಮನವೆಲ್ಲ ಕೈಮೇಲಿತ್ತು, ನಾಲಿಗೆ ಜಾರಿತು. "ನಟ್ಟು, ಆ ಕಡೆಯಿಂದ ಚೈನು ಹಿಡಿ."

ಹೇಳಿದ ಮೇಲೆ ಅವನ ಕೈ ನಿಂತಿತು. ಒಂದೇ ಗಳಿಗೆಯಲ್ಲಿ ಮೂರು ಷರತ್ತಿನಲ್ಲಿ ಎರಡು ಮುರಿದಿದ್ದ.

ಮಗಳು ಆಗಲೇ ಚೈನು ಹಿಡಿದಿದ್ದಳು. "ಬೇಗ ಹಾಕು, ಕೈ ಮಸಿಯಾಗ್ತಿದೆ."

ಟಕ್ ಎಂದು ಕ್ಲಿಪ್ಪು ಕೂತಿತು. ಮೀನು ಮುಂದಕ್ಕೆ ನೋಡಿತು. ಮುದುಕ ಹತ್ತಲ್ಲ, ಹನ್ನೆರಡು ಸುತ್ತು ಹೊಡೆದ. ಅಂಗಳದ ತುಂಬ ಹೊಗೆ, ಪೆಟ್ರೋಲಿನ ವಾಸನೆ. ಮೆಕ್ಯಾನಿಕ್ ಅದನ್ನು ಎದೆ ತುಂಬ ಎಳೆದುಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಮಗಳು ಮಸಿಯ ಬೆರಳುಗಳನ್ನು ಅಪ್ಪನ ಅಂಗಿತೋಳಿಗೆ ಒರೆಸಿದಳು. ಅವನು ಇನ್ನೊಂದು ತೋಳನ್ನೂ ಚಾಚಿದ.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ," ಎಂದಳು ಹೆಂಡತಿ. "ಗಾದೆ ಮಾಡಿದವರು ನಮ್ಮನೆ ನೋಡಿರಲಿಲ್ಲ." ಗಂಡನ ಜೇಬಿನ ಪೊಟ್ಟಣದಲ್ಲಿ ಉಳಿದಿದ್ದ ಒಂದೇ ಒಂದು ಪೆಪ್ಪರ್‌ಮಿಂಟನ್ನು ತೆಗೆದು ಮಗಳ ಕೈಗಿಟ್ಟಳು.

ಅಪ್ಪ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ನಾಲ್ಕು ಜನರ ಮುಂದೆ ಹಾಗೆಲ್ಲ ಕೂಗಬಾರದು."

ಮಗಳು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕಟಕಟ ಕಡಿದಳು. "ನಾಳೆ ಸ್ಕೂಲು ಬಿಟ್ಟ ಮೇಲೆ ಬರ್ತೀನಿ," ಎಂದಳು. "ಆ ಟೈರಿನ ಮೇಲಿನ ಹೆಲ್ಮೆಟ್ ತೆಗೆಸಿಡು."