ಏನೂ ಕದಲದ ಅಂಗಳ

ನಾನು ಒಂದು ಮುಧೋಳ ನಾಯಿ. ಹುಟ್ಟಿದ್ದು ಒಂದು ದನದ ಕೊಟ್ಟಿಗೆಯಲ್ಲಿ, ಹರಿದ ಕೌದಿಯ ಮೇಲೆ. ನನ್ನ ತಾಯಿ ಹೊತ್ತು ಮುಳುಗಿದ ಮೇಲೆ ಕೊಟ್ಟಿಗೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮನೆಯವರು ಅವಳನ್ನು ಮೈಗಳ್ಳಿ ಎಂದರು. ಒಂದು ಸಂಜೆ ಅವಳು ಕಟ್ಟೆಯಿಲ್ಲದ ಹಾಳುಬಾವಿಗೆ ಬಿದ್ದು ಸತ್ತಳು. ಮೊಲದ ಬೆನ್ನು ಹತ್ತಿರಬೇಕು ಎಂದು ಮಾತಾಡಿಕೊಂಡರು. ಮೊಲ ಯಾವುದೂ ಇರಲಿಲ್ಲ.

ನನ್ನನ್ನು ದುಂಡಪ್ಪ ತಂದು ಸಾಕಿದ. ಸರದಾರ ಎಂದು ಹೆಸರಿಟ್ಟ. ಓಟದ ಪಂದ್ಯಗಳು ನಡೆಯುವುದು ಸುಡುಬಿಸಿಲಿನಲ್ಲಿ. ನಾನು ಗೆಲ್ಲುತ್ತಾ ಹೋದೆ. ಗೆದ್ದ ಕಪ್‌ಗಳು ಗೋಡೆಯ ಗೂಡು ತುಂಬಿದವು. ಜನ ಬೆದೆಗೆ ಬಂದ ಹೆಣ್ಣುನಾಯಿಗಳನ್ನು ನಮ್ಮ ಅಂಗಳಕ್ಕೆ ಕರೆತಂದರು. ಹುಟ್ಟಿದ ಮರಿಗಳಲ್ಲಿ ಚೆಂದದ್ದೊಂದು ದುಂಡಪ್ಪನಿಗೆ ಸಲ್ಲಬೇಕು, ಅದು ನಮ್ಮ ಕಡೆಯ ರೂಢಿ. ಹಾಲು ಬಿಡುತ್ತಲೇ ಅದೂ ಮಾರಾಟವಾಗುತ್ತಿತ್ತು. ದೊಡ್ಡದಾದ ನನ್ನ ಮರಿಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ.

ನನಗೆ ಪ್ರಾಯ ತುಂಬುತ್ತಿದ್ದಂತೆ ಸಂಜೆಗಳು ಬೂದಿ ಎರಚಿದಂತೆ ಕಾಣತೊಡಗಿದವು. ಅಂಥ ಒಂದು ಸಂಜೆ ಬಕೆಟ್ಟಿಗೆ ಎಡವಿದೆ. ದುಂಡಪ್ಪನ ಹೆಂಡತಿ ಶಾಂತವ್ವ ಬಕೆಟ್ಟನ್ನು ಗೋಡೆಯ ಬದಿಗಿಟ್ಟಳು. ಅಂದಿನಿಂದ ನಮ್ಮ ಅಂಗಳದಲ್ಲಿ ಯಾವ ವಸ್ತುವೂ ಜಾಗ ಬದಲಿಸಲಿಲ್ಲ. ದುಂಡಪ್ಪನಿಗೂ ಗೊತ್ತಾಗಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ನಾನು ನೆನಪಿನ ಮೇಲೆ ನಡೆದೆ. ಓಡಿ ಬಂದ ದಣಿವು ಮಲಗಿದರೆ ಹೋಗುತ್ತದೆ. ಕಾಣುವವನಂತೆ ನಡೆಯುವ ದಣಿವು ಮಲಗಿದಾಗಲೂ ಮೈಯಲ್ಲೇ ಇರುತ್ತದೆ.

ಆಗ ಮಹಾದೇವಿ ಬಂದಳು. ಕುರಿ ಸಾಕುವ ಮನೆಯವಳು. ಹಗ್ಗದ ತುದಿಯಲ್ಲಿ ಅವಳ ನಾಯಿ ಮಿಂಚಿ. ಮಿಂಚಿಗೆ ವಯಸ್ಸಾಗುತ್ತಿತ್ತು, ಈ ಸಲ ತಪ್ಪಿದರೆ ಅವಳ ಸಂತಾನ ಅಲ್ಲಿಗೇ ಮುಗಿದಂತೆ. ಕುರಿಹಟ್ಟಿಯ ಸುತ್ತ ತೋಳದ ಕಾಟ ಬೇರೆ.

ಮಹಾದೇವಿ ಗೂಡಿನ ಕಪ್‌ಗಳತ್ತ ನೋಡಲಿಲ್ಲ. ನನ್ನ ಹಲ್ಲು ನೋಡಿದಳು, ಕಾಲು ಸವರಿದಳು.

"ಇವನ ತಾಯಿ ಎಲ್ಲಿ ಅದಾಳ್ರಿ, ಅಣ್ಣಾರ?"

"ಬಾವಿಗೆ ಬಿದ್ದು ಸತ್ತು ಭಾಳ ವರ್ಷ ಆತು," ಎಂದ ದುಂಡಪ್ಪ.

"ಹಗಲಾಗೋ, ಕತ್ತಲದಾಗೋ?"

"ತಂಗಿ, ನೀ ಹೆಣ್ಣು ಕೊಡಾಕ ಬಂದೀಯೋ, ಪಂಚನಾಮೆ ಮಾಡಾಕ ಬಂದೀಯೋ?"

"ಹೆಣ್ಣು ಕೊಡಾಕ ಬಂದೀನಿ ಅಂತನ ಕೇಳಾಕತ್ತೀನ್ರಿ. ಗಂಡಿನ ಮನಿತನ ನೋಡೂದಿಲ್ಲೇನು? ಇವನ ದೊಡ್ಡ ಮರಿ ಒಂದರ ತೋರಸ್ರಿ."

"ಎಲ್ಲಾ ಮಾರೀವಿ."

"ಹಂಗಾರ ಸಂಜಿತನ ಕೂಡ್ತೀನಿ."

ಶಾಂತವ್ವ ಚಹಾ ಕೊಟ್ಟಳು. ಬಿಸಿಲು ಗೋಡೆಯಿಂದ ಇಳಿಯಿತು. ಗಾಳಿಗೆ ಕೂರಲೆಂದು ಮಹಾದೇವಿ ತಾನು ಕೂತಿದ್ದ ಸ್ಟೂಲನ್ನು ಎತ್ತಿದಳು.

"ಅಯ್ಯ, ಅದನ್ನ ಅಲ್ಲೇ ಇಡವಾ!" ಎನ್ನುತ್ತ ಶಾಂತವ್ವ ಓಡಿ ಬಂದಳು.

ಮಹಾದೇವಿ ಅವಳ ಮುಖ ನೋಡಿರಬೇಕು. ಆಮೇಲೆ ನೆಲವನ್ನೂ. ಹೊರಸು ಮಂಚದ ಕಾಲುಗಳು ಮಣ್ಣಿನಲ್ಲಿ ಕುಳಿ ತೋಡಿಕೊಂಡಿದ್ದವು. ಕೊಡದ ಕೆಳಗೆ ಪಾಚಿಯ ಬಳೆ ಮೂಡಿತ್ತು. ಅವಳು ಸ್ಟೂಲನ್ನು ಅಂಗಳದ ನಡುವೆ ಇಟ್ಟು, ಅದರಾಚೆ ನಿಂತು ಮೆಲ್ಲಗೆ ಕರೆದಳು. "ಸರದಾರ, ಬಾರಪಾ."

ಸ್ಟೂಲು ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿತ್ತು. ಗೋಡೆ ಹಿಡಿದು ಸುತ್ತಿ ಹೋಗಬಹುದಿತ್ತು. ಆದರೆ ನನಗೆ ಸಾಕಾಗಿತ್ತು. ನೇರ ನಡೆದೆ. ಸ್ಟೂಲು ಎದೆಗೆ ಬಡಿದು ಉರುಳಿತು.

ದುಂಡಪ್ಪ ಬಂದು ಅದನ್ನು ಎತ್ತಿ ನಿಲ್ಲಿಸಿದ.

"ಹಗಲಾಗ ಇವನ್ನ ಹಿಂದ ಹಾಕೋ ನಾಯಿ ಈ ಸೀಮ್ಯಾಗ ಇಲ್ಲ, ತಂಗಿ," ಎಂದ ದುಂಡಪ್ಪ.

"ಅದು ಖರೇ ಅಣ್ಣಾರ. ಆದ್ರ ತೋಳ ಹಗಲಾಗ ಬರೂದಿಲ್ಲ."

ನನ್ನ ಎದೆಗೆ ಪೆಟ್ಟಾದ ಜಾಗವನ್ನು ಅವಳು ತಿಕ್ಕಿದಳು. ಮಿಂಚಿ ಹಿಂದಕ್ಕೆ ಜಗ್ಗುತ್ತಿದ್ದರೂ ಕರೆದುಕೊಂಡು ಹೊರಟಳು.

ಮರುದಿನ ಕಾರಿನಲ್ಲಿ ಒಂದು ಹೆಣ್ಣುನಾಯಿ ಬಂತು. ದುಂಡಪ್ಪ ಬಾಗಿಲಲ್ಲೇ ನಿಂತು, "ಇನ್ನ ಮ್ಯಾಲೆ ಸರದಾರನ್ನ ಹೆಣ್ಣಿಗೆ ಬಿಡಂಗಿಲ್ರಿ," ಎಂದ. ಒಳಗೆ ಶಾಂತವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮಳೆಗಾಲ ಕಳೆದ ಮೇಲೆ ಮಹಾದೇವಿ ಮಿಂಚಿಯ ಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅದರ ತಂದೆ ಯಾವ ಪಂದ್ಯವನ್ನೂ ಗೆದ್ದವನಲ್ಲವಂತೆ. "ಆದ್ರ ಅವನ ತಾಯಿ ಮುದುಕಿಯಾಗ್ಯಾಳ, ಇನ್ನೂ ಕತ್ತಲದಾಗ ಹಟ್ಟಿ ಸುತ್ತತಾಳ್ರಿ," ಎಂದಳು. ಮರಿಯನ್ನು ಶಾಂತವ್ವನ ಕೈಗಿಟ್ಟಳು.

ಈಗ ಹಗಲೂ ನನಗೆ ಬೂದಿಯೇ. ಈ ಮರಿ ಚಪ್ಪಲಿ, ಚೆಂಬು, ಪೊರಕೆ ಎಲ್ಲವನ್ನೂ ಅಂಗಳದ ತುಂಬ ಎಳೆದು ಹಾಕುತ್ತದೆ. ನಾನು ಎಡವುತ್ತೇನೆ. ಶಾಂತವ್ವ ಅದಕ್ಕೆ ಬೈಯುತ್ತಾಳೆ. ದುಂಡಪ್ಪ ಮರಿಯ ಕೊರಳಿಗೆ ಗೆಜ್ಜೆ ಕಟ್ಟಿದ್ದಾನೆ. ಸಂಜೆ ಆ ಸದ್ದು ಬಾಗಿಲ ಕಡೆ ಹೊರಟಾಗ ನಾನೂ ಎದ್ದು ಅದರ ಹಿಂದೆ ಹೋಗುತ್ತೇನೆ.

ಹೊಸ್ತಿಲ ಬಳಿ ಮಲಗಿದಾಗ ನನ್ನ ಮರಿಗಳು ನೆನಪಾಗುತ್ತವೆ. ಅವು ಯಾವ ಯಾವ ಊರಿನಲ್ಲಿವೆಯೋ. ಆ ಮನೆಗಳಲ್ಲಿ ಬಾವಿಗೆ ಕಟ್ಟೆ ಇದೆಯೋ ಇಲ್ಲವೋ.