ಹಳ್ಳದಾಚೆ ಮೂರು ಗಂಟೆ

ಹೆಸರುವಾಸಿ ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ ಕಾರುಗಳ ಸಾಲು ಕಂಡ ಕೂಡಲೇ ಮಾವ ಮುಖ ಸಿಂಡರಿಸಿದರು. "ಇದೇನು ಕಾಡೋ, ಬಸ್‌ಸ್ಟ್ಯಾಂಡೋ?"

"ಒಂದು ಗಂಟೆ ದಾರಿ ಹೋದ್ರೆ ಇನ್ನೊಂದು ಉದ್ಯಾನ ಇದೆ. ಅಲ್ಲಿಗೆ ಯಾರೂ ಹೋಗಲ್ಲ," ಎಂದ ಟಿಕೆಟ್ ಕೊಡುವವನು.

"ಯಾರೂ ಹೋಗಲ್ವಾ? ಹಾಗಾದ್ರೆ ನಾವು ಹೋಗೋಣ."

ಸೊಸೆ ಕಾರು ತಿರುಗಿಸಿದಳು. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ ಬೇಸತ್ತು, ಸಿಕ್ಕ ಒಂದು ರಜೆಗೆ ಕಾಡು ನೋಡಲು ಹೊರಟಿದ್ದಳು. ಗಂಡನಿಗೆ ಕೊನೇ ಗಳಿಗೆಯಲ್ಲಿ ಡ್ಯೂಟಿ ಬಿದ್ದಿತ್ತು. ಹಾಗಾಗಿ ಮಾವ, ಸೊಸೆ ಇಬ್ಬರೇ. ಮಾವ ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದವರು. ಬಿರುಗಾಳಿಯಲ್ಲಿ ಕಂಬ ಹತ್ತಿದ ಕಥೆ ಶುರುಮಾಡಿದರೆ ಅವರನ್ನು ನಿಲ್ಲಿಸುವ ಸ್ವಿಚ್ಚೇ ಇರಲಿಲ್ಲ. ಮನೆಯಲ್ಲಿ ಅವರಿಗೆ ಎದುರಾಡಿದವರಿಲ್ಲ. ಮದುವೆಯಾಗಿ ಆರು ವರ್ಷವಾದರೂ ಸೊಸೆ ಅವರೆದುರು ಹೆಚ್ಚಾಗಿ ಆಡಿದ್ದು "ಹೂಂ ಮಾವ" ಎಂಬ ಮಾತೇ.

ಆ ಇನ್ನೊಂದು ಉದ್ಯಾನದ ಬಾಗಿಲಲ್ಲಿ ಒಂದೇ ಕೋಣೆಯ ಕಚೇರಿ. ಒಳಗೆ ಖಾಕಿ ಅಂಗಿಯ ಒಬ್ಬ ಕಾವಲುಗಾರ್ತಿ. "ಹಳ್ಳದಲ್ಲಿ ಕಲ್ಲು ಹಾಕಿದೀವಿ, ಅದರ ಮೇಲೆ ದಾಟಿ. ಒಂದು ಗಂಟೆ ನಡೆದ್ರೆ ಜಲಪಾತ. ನಾಲ್ಕರೊಳಗೆ ಈ ಕಡೆ ಬಂದ್ಬಿಡಿ," ಎಂದಳು.

ಹೋಗುವಾಗ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಆಚೆ ದಾರಿಯಲ್ಲಿ ನರಪಿಳ್ಳೆಯಿಲ್ಲ. ಹಸಿ ಮಣ್ಣಿನಲ್ಲಿ ಜಿಂಕೆಯ ಗೊರಸಿನ ಗುರುತು ಕಂಡು ಮಾವ ಮಗುವಿನಂತೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಜಲಪಾತದ ಹತ್ತಿರ ಇಬ್ಬರೂ ಬುತ್ತಿ ಬಿಚ್ಚಿ ಉಂಡರು. ದೂರದ ಬೆಟ್ಟದ ನೆತ್ತಿ ಮೋಡದಿಂದ ಕಪ್ಪಿಟ್ಟದ್ದನ್ನು ಅವಳು ನೋಡಿದಳು. ಮಾವ ನೋಡಿಯೂ, "ನಮ್ಮ ತಲೆ ಮೇಲೆ ಬಿಸಿಲಿದೆಯಲ್ಲ," ಎಂದು ಇನ್ನೂ ಸ್ವಲ್ಪ ಹೊತ್ತು ಕಾಲು ಚಾಚಿದರು.

ಎರಡೂವರೆಗೆ ಹಳ್ಳಕ್ಕೆ ಮರಳಿದಾಗ ದಾಟುಗಲ್ಲುಗಳೇ ಕಾಣಲಿಲ್ಲ. ಕೆಂಪು ನೀರು ಎಲೆ, ಕಡ್ಡಿ, ಒಂದಿಡೀ ಬಿದಿರ ಮೆಳೆಯನ್ನು ಎಳೆದುಕೊಂಡು ಓಡುತ್ತಿತ್ತು.

"ಕಾಯೋಣ ಮಾವ. ಇಳಿಯುತ್ತೆ."

"ಇದೊಂದು ನೀರಾ? ಮೊಣಕಾಲಿನಷ್ಟು ಇರಬಹುದು. ನಾನು ಮುಂದೆ ಹೋಗ್ತೀನಿ, ನೀನು ನನ್ನ ಹಿಂದೆ ಬಾ."

"ಬೇಡ ಮಾವ."

ಅವರು ಆಗಲೇ ಇಳಿದಾಗಿತ್ತು. ಎರಡು ಹೆಜ್ಜೆಗೆ ನೀರು ತೊಡೆ ಮುಟ್ಟಿತು. ಮೂರನೆಯದಕ್ಕೆ ಕಾಲು ಜಾರಿ ಅವರು ಪಕ್ಕಕ್ಕೆ ವಾಲಿದರು. ದಡದ ಮರದ ಬೇರನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಅವರ ಬೆನ್ನುಚೀಲದ ಪಟ್ಟಿ ಹಿಡಿದಳು. ಪಟ್ಟಿಯ ಹೊಲಿಗೆ ಚರ್ರೆಂದಿತು. ಹಲ್ಲು ಕಚ್ಚಿ ಎಳೆದಳು. ಇಬ್ಬರೂ ಕೆಸರಿನಲ್ಲಿ ಉರುಳಿ ಬಿದ್ದರು.

ಮಾವನ ಬಲಗಾಲಿನ ಹರಡು ನೋಡನೋಡುತ್ತಲೇ ಊದಿತು. ಅವಳು ಬೆರಳಿಟ್ಟು ಮೆಲ್ಲನೆ ಒತ್ತಿದಾಗ ಅವರು ಕಿರುಚಿದರು.

"ಮುರಿದಿರೋ ಹಾಗಿದೆ. ಈ ಕಾಲು ಊರಬಾರದು."

ಫೋನಿಗೆ ಸಿಗ್ನಲ್ ಇರಲಿಲ್ಲ. ಅವರನ್ನು ದಡದ ಬಂಡೆಯೊಂದರ ಮೇಲೆ ಕೂರಿಸಿ, ಎರಡು ಕಡ್ಡಿ ಆರಿಸಿ, ತನ್ನ ಸ್ಕಾರ್ಫಿನಿಂದ ಕಾಲಿಗೆ ಕಟ್ಟಿದಳು. ಕಟ್ಟಿ ಮುಗಿಸುವಷ್ಟರಲ್ಲಿ ಅವರು ಕೂತ ಬಂಡೆಯ ಅಂಚಿಗೆ ನೀರು ಬಂದಿತ್ತು. ಬಂದ ದಾರಿಗೂ ನೀರು ನುಗ್ಗಿತ್ತು. ಹಿಂದಿನ ದಿಬ್ಬ ಇಪ್ಪತ್ತಡಿ ಎತ್ತರ, ಕಡಿದಾದ ಏರು.

"ನನ್ನ ಬೆನ್ನ ಮೇಲೆ ಬನ್ನಿ."

"ಸೊಸೆ ಬೆನ್ನ ಮೇಲೆ ಹತ್ತೋದಾ? ಛೆ ಛೆ! ನೀನು ಹತ್ತಿ ಹೋಗು. ನನಗೇನೂ ಆಗಲ್ಲ."

"ಇಷ್ಟು ಹೊತ್ತು ನೀವು ಹೇಳಿದ್ದು ನಾನು ಕೇಳಿದ್ದಾಯ್ತು!" ಆ ಕೂಗು ತನ್ನ ಗಂಟಲಿನಿಂದಲೇ ಬಂತೇ ಎಂದು ಅವಳಿಗೇ ಬೆರಗಾಯಿತು. "ಈಗ ಬಾಯಿ ಮುಚ್ಚಿಕೊಂಡು ಹತ್ತಿ!"

ಮಾವ ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ಅವಳ ಕೊರಳಿಗೆ ತೋಳು ಹಾಕಿದರು.

ಅವಳು ಮಂಡಿ, ಮೊಣಕೈ ಊರಿ ಹತ್ತಿದಳು. ಹುಲ್ಲಿನ ಬುಡ ಕೈಗೇ ಕಿತ್ತು ಬರುತ್ತಿತ್ತು. ಅರ್ಧ ದಾರಿಯಲ್ಲಿ ಜಾರಿ ಎರಡಡಿ ಕೆಳಗೆ ಬಂದಾಗ ಮಾವ ಒಳ್ಳೆಯ ಕಾಲಿನಿಂದ ಒಂದು ಕಲ್ಲನ್ನು ಒತ್ತಿ ಜಾರುವುದನ್ನು ತಡೆದರು. "ಎಡಕ್ಕೆ ಬೇರಿದೆ ನೋಡು, ಅದನ್ನು ಹಿಡಿ. ಹಾಂ, ಹಾಗೇ," ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ದಿಬ್ಬದ ಮೇಲೆ ಬೋರಲು ಬಿದ್ದು ತಿರುಗಿ ನೋಡಿದರೆ ಕೆಳಗೆ ಬಂಡೆಯೇ ಇರಲಿಲ್ಲ.

ಮಾವನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ತನ್ನ ಜರ್ಕಿನ್ ಬಿಚ್ಚಿ ಅವರಿಗೆ ಹೊದಿಸಿದಳು. ಅವರು ಬೇಡವೆನ್ನಲಿಲ್ಲ.

ನಾಲ್ಕೂವರೆಗೆ ಆಚೆ ದಡದಲ್ಲಿ ಖಾಕಿ ಅಂಗಿ ಕಾಣಿಸಿತು. ಕಾವಲುಗಾರ್ತಿ ಕೈಬೀಸಿ ಅಲ್ಲೇ ಇರಿ ಎಂದು ಸನ್ನೆ ಮಾಡಿ ಓಡಿದಳು. ಹಗ್ಗ ಮತ್ತು ಇಬ್ಬರು ಆಳುಗಳೊಂದಿಗೆ ಮರಳಿದಳು. ನೀರು ಇಳಿಯಲು ಇನ್ನೊಂದು ಗಂಟೆ ಹಿಡಿಯಿತು. ಬೆಳಕು ಮಾಸುವ ಮುಂಚೆ, ಸೊಂಟಕ್ಕೆ ಹಗ್ಗ ಬಿಗಿದು, ಮಾವನನ್ನು ಆಳುಗಳು ಹೊತ್ತು ದಾಟಿಸಿದರು. ಹಿಂದೆಯೇ ಅವಳು, ಕಣ್ಣು ನೀರಿನ ಮೇಲಿಡದೆ.

ಕಚೇರಿಯ ಫೋನಿನಲ್ಲಿ ಅವಳು ನಡೆದದ್ದು ಹೇಳಿದ ಕೂಡಲೇ ಗಂಡ ರೇಗಿದ. "ಆ ವಯಸ್ಸಿನವರನ್ನ ಯಾಕೆ ನೀರಿಗಿಳಿಸಿದೆ? ಬುದ್ಧಿ ಬೇಡ್ವಾ ನಿನಗೆ?"

ಅವಳು ಉತ್ತರ ಕೊಡುವ ಮುಂಚೆ ಬೆಂಚಿನ ಮೇಲೆ ಮಲಗಿ ಆ ಕೂಗು ಕೇಳುತ್ತಿದ್ದ ಮಾವ ಕೈಚಾಚಿ ರಿಸೀವರ್ ಕಿತ್ತುಕೊಂಡರು.

"ಲೋ, ಅವಳು ಬೇಡ ಅಂದ್ಳು. ಎರಡು ಸಲ. ನಾನೇ ಕೇಳ್ಲಿಲ್ಲ. ತಪ್ಪು ನಂದು ಕಣೋ."

ರಿಸೀವರ್ ಹಿಂದಿರುಗಿಸುವಾಗ ಅವರು ಸೊಸೆಯ ಮುಖ ನೋಡಲಿಲ್ಲ. ಕಾವಲುಗಾರ್ತಿ ತಂದಿಟ್ಟ ಬಿಸಿ ಟೀಯನ್ನು ಮೊದಲು ಅವಳ ಕಡೆ ಸರಿಸಿದರು.