ಮುಚ್ಚಿದ ಅಂಚು

ಅಮ್ಮ ಮಲಗುತ್ತಿದ್ದ ಮಂಚದ ಪಕ್ಕದ ಗೋಡೆಯ ಕೊನೆಯ ಕೊಕ್ಕೆಯಿಂದ ನಿವೇದಿತಾ ಅಮ್ಮನ ಕಸೂತಿಯನ್ನು ಬಿಡಿಸುತ್ತಿದ್ದಳು. ಇನ್ನೊಂದು ತುದಿಯನ್ನು ಶೋಲ್ಪಾನ್ ಆಂಟಿ ಹಿಡಿದಿದ್ದರು. ಕೆಂಪು ಮಖಮಲ್ಲಿನ ತುಂಬ ಟಗರಿನ ಕೊಂಬಿನ ಸುರುಳಿಗಳು. ಹಾಲ್‌ನಲ್ಲಿ ಅಮ್ಮ ಕನಕಳ ಶವಪೆಟ್ಟಿಗೆಯನ್ನು ಇಳಿಸಿ ಆಗಲೇ ಅರ್ಧ ಗಂಟೆಯಾಗಿತ್ತು. ಅದರ ಮೇಲೆ ಇದನ್ನೇ ಹೊದಿಸಬೇಕೆಂದು ಅಪ್ಪ ಶ್ರೀಪತಿ ಹಟ ಹಿಡಿದಿದ್ದರು.

"ಇದೇ ಅಲ್ವಾ ಎಗ್ಸಿಬಿಷನ್‌ನಲ್ಲಿ ಇಟ್ಟಿದ್ದು?" ಎಂದರು ಪಕ್ಕದ ಮನೆಯ ಜಯಮಾಲಾ ಆಂಟಿ. ಸಾವಿನ ಮನೆಯಲ್ಲೂ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. "ಎಷ್ಟು ಧೈರ್ಯ ನಿಮ್ಮಮ್ಮಂಗೆ. ಲಾಸ್ಟ್ ವೀಕ್ ಕೂಡ ನಗ್ತಾನೇ ಇದ್ರು. ನಿಶ್ಚಿಂತೆಯಾಗಿ ಹೋದ್ರು ಬಿಡು."

ಅಮ್ಮ ಹೋದ ಮೂರು ದಿನದಿಂದ ನಿವೇದಿತಾ ಈ ಮಾತನ್ನು ನೆಚ್ಚಿಕೊಂಡೇ ನಿಂತಿದ್ದಳು.

ಬಟ್ಟೆ ಹಾಸಿಗೆಯ ಮೇಲೆ ಬಿತ್ತು. ಕೆಳಗಿನ ಕಪ್ಪು ಅಂಚು ಕಂಡದ್ದೇ ಶೋಲ್ಪಾನ್ ಕೈ ಹಿಂದಕ್ಕೆಳೆದುಕೊಂಡರು.

"ಏನಾಯ್ತು ಆಂಟಿ?"

ಅಡಿಲೇಡಿನಿಂದ ಬೆಳಗಿನ ವಿಮಾನಕ್ಕೆ ಬಂದಿದ್ದ ಶೋಲ್ಪಾನ್, ಜಯಮಾಲಾ ಹೊರಗೆ ಹೋಗುವ ತನಕ ಕಾದರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು. "ನಾವು ಕಜಕರು ಮೂರು ಕಡೆ ಮಾತ್ರ ಅಂಚು ಕಟ್ಟುತ್ತೇವೆ. ಕೆಳಗಿನದನ್ನು ಮುಚ್ಚುವುದಿಲ್ಲ. ಮುಚ್ಚಿದರೆ ಕೆಲಸ ಮುಗಿಯಿತು ಎಂದರ್ಥ. ಮಾಡಿದವಳ ಆಯುಸ್ಸೂ."

"ಅಮ್ಮಂಗೆ ಗೊತ್ತಿತ್ತಾ?"

"ಕಲಿಸಿದವಳೇ ನಾನು."

*

ಎಷ್ಟೋ ವರ್ಷಗಳ ಹಿಂದೆ ಶ್ರೀಪತಿ ಕಜಕರ ನಾಡಿನ ಕರಗಂಡದ ಗಣಿಯಲ್ಲಿ ಕೆಲಸಕ್ಕಿದ್ದಾಗ ಶೋಲ್ಪಾನ್ ಎದುರು ಮನೆಯವರು. ಹೊರಗೆ ಕಾಲಿಡಲಾಗದ ಎರಡು ಚಳಿಗಾಲ ಅವರ ಪಕ್ಕ ಕೂತು, ಕೊಕ್ಕೆಸೂಜಿ ಹಿಡಿದು ಕನಕ ಈ ಕಸೂತಿ ಹಾಕಿದ್ದಳು. ಆರು ವರ್ಷದ ನಿವೇದಿತಾ ಆ ಕೊಂಬುಗಳ ಮೇಲೆ ಬೆರಳಾಡಿಸುತ್ತಲೇ ನಿದ್ದೆ ಹೋಗುತ್ತಿದ್ದಳು.

ಬೆಳೆದು ಕಲಾವಿದೆಯಾದಾಗ ಅವಳು ಅವೇ ಕೊಂಬುಗಳನ್ನು ಉಕ್ಕಿನ ತಗಡಿನಲ್ಲಿ ಕತ್ತರಿಸಿ ತೂಗುಹಾಕಿದಳು. ೨೦೧೬ರ ಮಾರ್ಚ್‌ನಲ್ಲಿ ಇದೇ ಊರಿನ ಸೇಂಟ್ ಲೂಸಿಯಾ ಬಡಾವಣೆಯಲ್ಲಿ ಪ್ರದರ್ಶನ. ನಡುವೆ ಅಮ್ಮನ ಕಸೂತಿ. ಕೆಳಗಿನ ಅಂಚು ಅರೆಬರೆಯಾಗಿ ಕಂಡು ನಿವೇದಿತಾಳೇ ಕಪ್ಪು ಪಟ್ಟಿ ಹೊಲಿದಳು, ಗಟ್ಟಿಯಾಗಿರಲಿ ಎಂದು ಎರಡೆಳೆ ದಾರದಲ್ಲಿ.

ಕನಕ ಬಗ್ಗಿ ಆ ಪಟ್ಟಿಯನ್ನು ಮುಟ್ಟಿ ನೋಡಿದ್ದಳು.

"ನೀನೇ ಹೊಲಿದ್ಯಾ?"

"ಹೂಂ. ನೀನು ಹಾಗೇ ಬಿಟ್ಬಿಟ್ಟಿದ್ದೆ. ಈಗ ಕಂಪ್ಲೀಟ್ ಆಯ್ತು ನೋಡು."

"ಹೊಲಿಗೆ ನೀಟಾಗಿ ಬಂದಿದೆ ಕಣೆ," ಎಂದು ಕನಕ ಕಾಫಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದ್ದಳು.

ಅದೇ ವರ್ಷ ಮೇ ತಿಂಗಳಲ್ಲಿ ಕನಕಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. "ಅರವತ್ತೆರಡಾಯ್ತಲ್ಲ, ಸಾಕು. ನಂಗೇನೂ ಭಯ ಇಲ್ಲ," ಎಂದು ಬಂದವರಿಗೆಲ್ಲ ಅವಳೇ ಸಮಾಧಾನ ಹೇಳುತ್ತಿದ್ದಳು.

*

"ನೀನು ಅಂಚು ಮುಚ್ಚಿದ್ದನ್ನು ಫೋನಿನಲ್ಲಿ ನಗುತ್ತ ಹೇಳಿದಳು," ಎಂದರು ಶೋಲ್ಪಾನ್. "ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ, ಹುಡುಗಿಗೆ ಮಾತ್ರ ಹೇಳಬೇಡ ಎಂದು. ಇವತ್ತು ನನ್ನ ಮುಖವೇ ಹೇಳಿಬಿಟ್ಟಿತು. ಕ್ಷಮಿಸು."

ನಿವೇದಿತಾಳಿಗೂ ಅಂಥದ್ದರಲ್ಲಿ ನಂಬಿಕೆಯಿರಲಿಲ್ಲ. ಅಮ್ಮ ನಂಬಿರಲಿಲ್ಲವಲ್ಲ, ಹೆದರಿರಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆಂದು ಇದನ್ನು ಹೀಗೇ ಹೊದಿಸಿ ಕಳಿಸಲು ಮನಸ್ಸು ಬರಲಿಲ್ಲ. ಡ್ರಾಯರಿನಿಂದ ಕತ್ತರಿ ತೆಗೆದು ಒಂದು ತುದಿಯಿಂದ ಬಿಚ್ಚತೊಡಗಿದಳು. ಅವಳದೇ ಗಟ್ಟಿ ದಾರ ಸುಲಭಕ್ಕೆ ಜಗ್ಗಲಿಲ್ಲ.

ಶ್ರೀಪತಿ ಬಾಗಿಲಲ್ಲಿ ನಿಂತರು. "ನಿವಿ, ಅಮ್ಮನ್ನ ಕರ್ಕೊಂಡು ಹೋಗೋ ಗಾಡಿ ಡ್ರೈವರ್ ಫೋನ್ ಮಾಡಿದ್ದ. ಇಲ್ಲೇ ಪೆಟ್ರೋಲ್ ಬಂಕ್ ಹತ್ರ ಇದಾನಂತೆ. ಏನಮ್ಮಾ ಮಾಡ್ತಿದೀಯ?"

"ಐದು ನಿಮಿಷ ಅಪ್ಪ."

ಬೇಗ ಆಗಲೆಂದು ಅಂಚನ್ನು ತಿರುವಿ ಮುಂದಕ್ಕೆ ಎಳೆದುಕೊಂಡಳು. ಹಾಸಿಗೆಗೂ ಗೋಡೆಗೂ ನಡುವೆ ಇಳಿಬಿದ್ದಿದ್ದ ಭಾಗ ಕೈಗೆ ಬಂತು. ಗೋಡೆಯ ಮೇಲಿದ್ದಾಗ ಅಮ್ಮನ ದಿಂಬಿನ ಪಕ್ಕಕ್ಕೆ ಬರುತ್ತಿದ್ದ ಕಡೆ, ಮಲಗಿದಲ್ಲಿಂದ ಕೈ ಚಾಚಿದರೆ ಎಟುಕುವಷ್ಟು ಜಾಗದಲ್ಲಿ, ಒಂದು ಗೇಣು ಹೊಲಿಗೆ ಆಗಲೇ ಬಿಚ್ಚಿತ್ತು. ಅದರ ಮುಂದಿನ ಹೊಲಿಗೆಯ ಅಡಿಗೆ ಸೂಜಿಯೊಂದು ತೂರಿ ನಿಂತಿತ್ತು. ಎರಡೆಳೆ ದಾರವನ್ನು ಮೀಟಲು ಹೋಗಿ ಅದು ಬಾಗಿಹೋಗಿತ್ತು.